ಡಬ್ಬಿ ತೊಳೆಯದೆ ತಾ

ಭಾನುವಾರ ಸಂಜೆ
ನಮ್ಮ ಅಡುಗೆಮನೆಯಿಂದ

ಮನೆಯ ಸೊಸೆಗೆ ಅತ್ತೆಯ ಆಶೀರ್ವಾದಗಳು.

ನಾನು ಈ ಮನೆಯ ಹಿರಿಯಳು. ನಿನಗೆ ಗೊತ್ತಿಲ್ಲದ ವಿಷಯವೇನಲ್ಲ, ಆದರೂ ಬರೆಯುತ್ತಿದ್ದೇನೆ. ಮುಂದಿನ ಮಾತುಗಳನ್ನು ಯಾವ ಅಧಿಕಾರದ ಮೇಲೆ ಹೇಳುತ್ತಿದ್ದೇನೆ ಎಂಬ ಬಗ್ಗೆ ನಿನಗೆ ಅನುಮಾನ ಇರಬಾರದು. ಹೈಸ್ಕೂಲು ಪಾಸು ಮಾಡಿದವಳು ನಾನು. ಕಾರ್ಖಾನೆಯ ಕ್ಯಾಂಟೀನಿಗೆ ತಟ್ಟೆ ತೊಳೆಯಲು ಸೇರಿ, ಅದರ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ನಾನಿದ್ದಷ್ಟು ಕಾಲ ಆ ಕಾರ್ಖಾನೆಯಲ್ಲಿ ಒಬ್ಬನೂ ಹಸಿದುಕೊಂಡು ಯಂತ್ರದ ಮುಂದೆ ನಿಂತದ್ದಿಲ್ಲ. ಮ್ಯಾನೇಜರು ಕೂಡ ಸಾಲಿನಲ್ಲಿ ನಿಂತೇ ಊಟ ತೆಗೆದುಕೊಂಡರು. ಈ ಮನೆಯಲ್ಲೂ ಯಾರು ಏನು ತಿನ್ನುತ್ತಾರೆ, ಎಷ್ಟು ಬಿಡುತ್ತಾರೆ ಎನ್ನುವುದು ನನ್ನ ಕಣ್ಣು ತಪ್ಪಿಸಿ ನಡೆದಿಲ್ಲ. ನಡೆಯುತ್ತದೆ ಎಂದು ನೀನು ಅಂದುಕೊಂಡಿದ್ದರೆ ಈ ಪತ್ರ ಅದಕ್ಕೇ.

ಇದನ್ನು ಬ್ರೆಡ್ಡಿನ ಪೊಟ್ಟಣದ ಕೆಳಗೆ ಇಡುತ್ತೇನೆ. ಬಸ್ಸಿನಲ್ಲಿ ನೀನು ಚೀಲ ಬಿಚ್ಚುವವಳಲ್ಲ. ಹಾಗಾಗಿ ಓದುವ ಹೊತ್ತಿಗೆ ಹೋಟೆಲಿನ ಕೋಣೆಯಲ್ಲಿ, ಮಂಚದ ತುದಿಯಲ್ಲಿ, ಶೂ ಕೂಡ ಬಿಚ್ಚದೆ ಕೂತಿರುತ್ತೀಯ. ಮೊದಲು ಶೂ ಬಿಚ್ಚು.

ಎದುರಿಗೇ ಹೇಳಬಹುದಿತ್ತಲ್ಲ ಅನ್ನಬೇಡ. ಎದುರಿಗೆ ಹೇಳಿದರೆ ನೀನು ಅಳುತ್ತೀಯ, ನಾನು ಬೈಯುತ್ತೇನೆ, ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿಹೋಗುತ್ತದೆ. ಈಗ ನೀವು ತಾಯಿ ಮಗಳು ಪಾರ್ಕಿಗೆ ಹೋಗಿದ್ದೀರಿ. ಮರಳಿ ಬರುವುದರೊಳಗೆ ಇದು ಮುಗಿದು, ಚೀಲದ ಜಿಪ್ಪು ಹಾಕಿ ಆಗಿರಬೇಕು.

ಮೊದಲು ತಿಂಡಿಯ ವಿಷಯ.

ಮೊದಲೆರಡು ಬೆಳಿಗ್ಗೆಗೆ ಬ್ರೆಡ್ಡು. ಒಂದು ಹೋಳಿನ ಮೇಲೆ ಬೆಣ್ಣೆ, ಇನ್ನೊಂದರ ಮೇಲೆ ಹುರಿದು ಅರೆದ ಕಡಲೆಬೀಜ ಸವರಿ ಜೋಡಿಸಿದ್ದೇನೆ. ಟೊಮೆಟೊ ಇಟ್ಟಿಲ್ಲ. ಟೊಮೆಟೊ ಇಟ್ಟ ಬ್ರೆಡ್ಡು ಬೆಳಗಾಗುವುದರೊಳಗೆ ಒದ್ದೆ ಕಾಲುಚೀಲದಂತಾಗುತ್ತದೆ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆ ಸಿಪ್ಪೆಯ ಸಮೇತ ಇದೆ, ಉಪ್ಪು ಮೆಣಸಿನಪುಡಿ ಪಕ್ಕದ ಕಾಗದದಲ್ಲಿ. ಕೋಣೆಯಲ್ಲಿ ಚಿಕ್ಕ ಫ್ರಿಜ್ ಇದ್ದರೆ ಸರಿ, ಇಲ್ಲದಿದ್ದರೆ ಮೊದಲ ಬೆಳಿಗ್ಗೆಯೇ ಮುಗಿಸು. ಮೊಟ್ಟೆಯನ್ನು ಕೋಣೆಯಲ್ಲೇ ಸುಲಿದುಕೋ, ಲಿಫ್ಟಿನೊಳಗೆ ಸುಲಿಯಬೇಡ. ಆ ವಾಸನೆಗೆ ಕಟ್ಟಡದವರು ಯಂತ್ರವೇ ಸುಟ್ಟಿತೆಂದು ಗಲಾಟೆ ಎಬ್ಬಿಸುತ್ತಾರೆ.

ಆಮೇಲಿನ ದಿನಗಳಿಗೆ ಓಟ್ಸ್. ಒಂದೊಂದು ಬೆಳಿಗ್ಗೆಗೆ ಒಂದೊಂದು ಪೊಟ್ಟಣ ಮಾಡಿದ್ದೇನೆ. ಹುರಿದ ಓಟ್ಸು, ಹಾಲಿನ ಪುಡಿ, ಖರ್ಜೂರದ ಚೂರು, ಬಾದಾಮಿ ಎಲ್ಲ ಅದರಲ್ಲೇ ಇವೆ. ಡಬ್ಬಿಗೆ ಸುರಿದು, ಬಿಸಿನೀರು ಹಾಕಿ ಮುಚ್ಚಿಡು. ನೀನು ಮುಖ ತೊಳೆದು ಬರುವ ಹೊತ್ತಿಗೆ ಅದು ತಾನೇ ತಿಂಡಿಯಾಗಿರುತ್ತದೆ. ಕೋಣೆಯ ಕೆಟಲಿನಲ್ಲಿ ಮೊದಲ ನೀರನ್ನು ಕುದಿಸಿ ಚೆಲ್ಲು. ನಿನಗಿಂತ ಮುಂಚೆ ಇದ್ದವರು ಅದರಲ್ಲಿ ಏನನ್ನು ಬೇಯಿಸಿದ್ದರೋ ಯಾರಿಗೆ ಗೊತ್ತು. ಮನೆಯಲ್ಲಿ ಮಾಡದ್ದನ್ನೆಲ್ಲ ಜನ ಬಾಡಿಗೆ ಕೋಣೆಯಲ್ಲಿ ಮಾಡುತ್ತಾರೆ. ಇದು ಕೆಟಲಿನ ಬಗ್ಗೆ ಬರೆದ ಮಾತು. ನೀನು ಮೈಮೇಲೆ ಎಳೆದುಕೊಳ್ಳಬೇಡ.

ಹಣ್ಣು ಅಂದರೆ ಸೇಬು. ಬಾಳೆಹಣ್ಣು ಇಟ್ಟಿಲ್ಲ. ಅದು ಚೀಲದಲ್ಲಿ ಜಜ್ಜಿಹೋಗಿ ನಿನ್ನ ಬಟ್ಟೆಗೂ ಉಣಿಸುತ್ತದೆ.

ನಾನು ಇದನ್ನೆಲ್ಲ ಕಟ್ಟುತ್ತಿದ್ದಾಗ ಪಕ್ಕದ ಮನೆಯ ದರ್ಜಿ ಬಂದಿದ್ದಳು. "ಅಷ್ಟು ದೊಡ್ಡ ಹೋಟೆಲಲ್ಲಿ ತಿಂಡಿ ಬಾಡಿಗೇಲೇ ಸೇರಿರುತ್ತಂತೆ. ನೀವ್ಯಾಕೆ ಸೊಸೆ ಕೈಲಿ ಹೊರಿಸಿ ಕಳಿಸ್ತೀರಿ?" ಅಂದಳು.

"ಅವಳು ಲಿಫ್ಟ್ ಪರೀಕ್ಷೆ ಮಾಡೋಳಮ್ಮ. ಆಸ್ಪತ್ರೆಗೆ, ಆಫೀಸಿಗೆ ಜನ ಬರೋದಕ್ಕೆ ಮುಂಚೆ ಲಿಫ್ಟಿನ ತಲೆ ಮೇಲೆ ಹತ್ತಿರಬೇಕು. ಅವಳು ಹೊರಡೋ ಹೊತ್ತಿಗೆ ಹೋಟೆಲಿನ ಊಟದ ಕೋಣೇಲಿ ಕುರ್ಚಿಗಳು ಮೇಜಿನ ಮೇಲೆ ಕಾಲೆತ್ತಿಕೊಂಡು ಮಲಗಿರ್ತವೆ" ಅಂದೆ.

"ಅಬ್ಬ! ಹೆಂಗಸರೂ ಆ ಕೆಲಸ ಮಾಡ್ತಾರಾ?"

"ನಮ್ಮನೆ ಹೆಂಗಸರು ಮಾಡ್ತಾರೆ" ಅಂದೆ. ಅವಳು ಸೂಜಿ ದಾರ ಎತ್ತಿಕೊಂಡು ಹೋದಳು.

ನೀನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರೀ ಬಿಸ್ಕತ್ತು ತಿಂದು ಹೋಗಿ, ಲಿಫ್ಟಿನ ಮೇಲೆ ನಿಂತಾಗ ತಲೆ ಸುತ್ತಿ ಬಂದದ್ದು ನೆನಪಿದೆಯಲ್ಲ. "ಜೊತೆಗಿದ್ದವರು ಯಾರೋ ಸೊಂಟದ ಬೆಲ್ಟ್ ಹಿಡ್ಕೊಂಡ್ರು ಅತ್ತೆ, ಏನೂ ಆಗಲಿಲ್ಲ" ಎಂದು ನಗುತ್ತಾ ಹೇಳಿದೆ. ನನಗೆ ನಗು ಬರಲಿಲ್ಲ. ನನ್ನ ಮಗನನ್ನು ಜ್ವರ ಕೊಂಡೊಯ್ದು ಆಗ ವರ್ಷವೂ ತುಂಬಿರಲಿಲ್ಲ. ಅಂದಿನಿಂದ ನಿನ್ನ ತಿಂಡಿ ನಾನೇ ಕಟ್ಟುತ್ತಿದ್ದೇನೆ. ಮೇಲಿನ ಕಪಾಟಿನಲ್ಲಿರುವ ಒಂದನ್ನು ಬಿಟ್ಟರೆ ಮನೆಯ ಡಬ್ಬಿಗಳೆಲ್ಲ ನಿನ್ನ ಜೊತೆ ಊರು ಸುತ್ತಿ ಬಂದಿವೆ.

ಹೊರಗೆ ಹೋದ ಡಬ್ಬಿ ತೊಳೆಯದೆ ವಾಪಸು ಬರಬೇಕು ಎನ್ನುವುದು ಈ ಮನೆಯ ಪದ್ಧತಿ. ನೀನು ಹೊಸದಾಗಿ ಬಂದಾಗ ಇದಕ್ಕೆ ಮುಖ ಸಿಂಡರಿಸಿದ್ದೆ. ಕ್ಯಾಂಟೀನಿನಲ್ಲಿ ನಾನು ಕಲಿತ ವಿದ್ಯೆ ಅದು. ವಾಪಸು ಬಂದ ತಟ್ಟೆ ನೋಡಿದರೆ ಯಾರಿಗೆ ಹಲ್ಲುನೋವು, ಯಾರ ಮನೆಯಲ್ಲಿ ಜಗಳ, ಯಾರು ಬಸುರಿ ಎಂದು ಹೇಳುತ್ತಿದ್ದೆ. ಬಾಯಿ ಸುಳ್ಳು ಹೇಳಬಹುದು, ತಟ್ಟೆಗೆ ಅದು ಬರುವುದಿಲ್ಲ.

ನಿನ್ನ ಡಬ್ಬಿ ನನಗೆ ಚೆನ್ನಾಗಿ ಗೊತ್ತು. ಬ್ರೆಡ್ಡಿನ ಅಂಚು ನೀನು ತಿನ್ನುವುದಿಲ್ಲ. ಮೊಟ್ಟೆಯಲ್ಲಿ ಬಿಳಿಯದಷ್ಟೇ ತಿಂದು ಹಳದಿ ಉಳಿಸುತ್ತೀಯ. ಇದೇ ಬೇಸಿಗೆಯಿಂದ ಡಬ್ಬಿ ಬೇರೆ ಮಾತಾಡತೊಡಗಿತು. ಅಂಚು ಇಲ್ಲ, ಹಳದಿ ಇಲ್ಲ. ಸರಿ, ದುಡಿಮೆ ಜಾಸ್ತಿಯಾಗಿದೆ, ಹಸಿವೂ ಜಾಸ್ತಿಯಾಗಿದೆ ಎಂದು ಖುಷಿಪಟ್ಟೆ. ಆದರೆ ನೀನು ಮೈ ತುಂಬಿಕೊಳ್ಳುವ ಬದಲು ಇಳಿಯುತ್ತಾ ಬಂದೆ. ಆಗ ಒಂದು ಉಪಾಯ ಮಾಡಿದೆ. ಓಟ್ಸಿಗೆ ಒಂದು ಹಿಡಿ ಒಣದ್ರಾಕ್ಷಿ ಬೆರೆಸಿದೆ. ಒಣದ್ರಾಕ್ಷಿಯನ್ನು ನೀನು ಈ ಮನೆಗೆ ಬಂದ ದಿನದಿಂದಲೂ ಕಲ್ಲು ಆರಿಸುವಂತೆ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತೀಯ. ಡಬ್ಬಿ ಬಂತು. ಒಂದೇ ಒಂದು ದ್ರಾಕ್ಷಿ ಇರಲಿಲ್ಲ.

ಆ ಡಬ್ಬಿಯಲ್ಲಿ ಇನ್ನೊಂದು ಬಾಯಿ ಇದೆ ಎಂದು ಅವತ್ತೇ ತಿಳಿಯಿತು. ಕೇಳಲಿಲ್ಲ. ನೀನೇ ಹೇಳುತ್ತೀಯ ಎಂದು ಕಾದೆ.

ನೀನು ಹೇಳಲಿಲ್ಲ. ಕಳೆದ ಸಲ ಡಬ್ಬಿಯೇ ಇಲ್ಲದೆ ಬಂದೆ. "ಬಸ್ಸಲ್ಲಿ ಮರೆತೆ ಅತ್ತೆ" ಅಂದೆ. ಸುಳ್ಳು ಹೇಳುವಾಗ ನೀನು ಲೋಟ ಒರೆಸುತ್ತೀಯ, ಒಣಗಿದ ಲೋಟವನ್ನೂ ಒರೆಸುತ್ತೀಯ. ಅವತ್ತು ಮನೆಯ ಲೋಟಗಳೆಲ್ಲ ಫಳಫಳ ಅಂದವು. ಮಾರನೆಯ ದಿನ ನೀನೇ ಬಂದು, ಇನ್ನು ಮೇಲೆ ಹೊರಗಿನ ಕೆಲಸ ಬೇಡ, ಆಫೀಸಿನಲ್ಲೇ ಮೇಜಿನ ಕೆಲಸ ಕೇಳಿದ್ದೇನೆ, ಮಗಳ ಜೊತೆ ಇರಬಹುದಲ್ಲ ಅಂದೆ. ಅನ್ನುವಾಗ ಕೈಯಲ್ಲಿ ಮತ್ತೆ ಲೋಟ.

ಈಗ ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಬುಧವಾರ ಮಗು ಶಾಲೆಯಿಂದ ಬಂದ ಮೇಲೆ, ನೀನು ಕೆಲಸದಿಂದ ಮರಳುವ ಮುಂಚೆ ಯಾರೋ ಬೆಲ್ ಮಾಡಿದರು. ಬಾಗಿಲು ತೆಗೆದೆ. ಮೊದಲು ಅಂಗಿಯ ಗುಂಡಿಗಳು ಕಂಡವು. ಮುಖ ಕಾಣಲು ಕತ್ತೆತ್ತಬೇಕಾಯಿತು. ಹಿಂದಿನಿಂದ ನಿನ್ನ ಮಗಳು "ಅಜ್ಜೀ, ಲೈಟುಕಂಬ ಮಾಮ!" ಎಂದು ಕುಣಿದಳು. ಫೋನಿನಲ್ಲಿ ಅವಳಿಗೆ ಆ ಮುಖ ತೋರಿಸಿದ್ದೀಯ, ನನಗೆ ತೋರಿಸಿಲ್ಲ. ಇರಲಿ.

"ಅಮ್ಮ, ನಾನು ಅವರ ಜೊತೆ ಕೆಲಸ ಮಾಡೋನು. ಡಬ್ಬಿ ನನ್ನ ಹತ್ರ ಉಳಿದಿತ್ತು, ಕೊಟ್ಟು ಹೋಗೋಣ ಅಂತ ಬಂದೆ" ಅಂದ.

ಡಬ್ಬಿ ತೆಗೆದು ನೋಡಿದೆ. ಕನ್ನಡಿಯಂತೆ ಹೊಳೆಯುತ್ತಿತ್ತು.

"ಇದನ್ನ ತೊಳೆದಿದ್ದು ಯಾರು?"

"ನಾನೇ ಅಮ್ಮ."

"ತೊಳಿ ಅಂತ ಹೇಳಿದ್ದು ಯಾರು?"

"ಇನ್ನೊಬ್ಬರ ಮನೆ ಡಬ್ಬೀನ ತೊಳೀದೆ ಹೇಗಮ್ಮ ಕೊಡೋದು?"

"ಕೊಂಡಿ ಗಟ್ಟಿಯಾಗಿದೆ."

"ಸಡಿಲ ಇತ್ತು. ಒಂದು ರಿವೆಟ್ ಹಾಕಿದೆ, ಅಷ್ಟೇ."

"ಒಣದ್ರಾಕ್ಷಿ ತಿಂದಿದ್ದು ಯಾರು?"

ಅಷ್ಟೆತ್ತರದ ಮನುಷ್ಯ ಸ್ವಲ್ಪ ಕುಗ್ಗಿದ. "ನಾನೇ."

"ಬ್ರೆಡ್ಡಿನ ಅಂಚು?"

"ಅದೂ ನಾನೇ. ಮೊಟ್ಟೆ ಹಳದೀನೂ ನಾನೇ. ಒಳಗೆ ಬರಲಾ ಅಮ್ಮ, ಇಲ್ಲಾ ಇಲ್ಲೇ ನಿಂತಿರಲಾ, ಪೊಲೀಸರು ಬರೋವರೆಗೂ?"

ನಗು ಬಂತು. ತೋರಿಸಿಕೊಳ್ಳಲಿಲ್ಲ. ಒಳಗೆ ಕರೆದೆ. ಅಡುಗೆಮನೆಯ ದೀಪಕ್ಕೆ ಹಣೆ ಹೊಡೆದುಕೊಂಡ. ಕುರ್ಚಿ ಕೊಟ್ಟು, ಚಹಾ ಇಟ್ಟೆ. ಮಗು ಅವನ ಮಂಡಿಗೆ ಒರಗಿ ನಿಂತುಕೊಂಡಿತು, ಮೊದಲಿನಿಂದಲೂ ಅದು ತನ್ನ ಜಾಗ ಎನ್ನುವ ಹಾಗೆ.

"ಅವತ್ತು ಬೆಲ್ಟ್ ಹಿಡ್ಕೊಂಡಿದ್ದು ನೀನೇನಾ?" ಎಂದು ಕೇಳಿದೆ.

"ಪಕ್ಕದಲ್ಲಿದ್ದೆ, ಹಿಡ್ಕೊಂಡೆ. ಅದರಲ್ಲೇನಿದೆ?" ಅಂದ. ಆಮೇಲೆ, ಅಮ್ಮನಿಗೆ ಹೇಳಬಾರದು ಎಂದು ಮಾತು ತೆಗೆದುಕೊಂಡು ಮಗುವನ್ನು ಆಡಲು ಕಳಿಸಿ, ಉಳಿದದ್ದನ್ನು ಒಂದೊಂದೇ ಕೇಳಿ ಹೊರತೆಗೆದೆ. ಕಾರ್ಖಾನೆಯಲ್ಲಿ ಎಂಥೆಂಥವರ ಬಾಯಿ ಬಿಡಿಸಿದವಳು ನಾನು.

ಒಬ್ಬಂಟಿ ಮನುಷ್ಯ, ಬೆಳಿಗ್ಗೆ ಬರೀ ಚಹಾ ಕುಡಿದು ಬರುತ್ತಿದ್ದನಂತೆ. ಒಂದು ದಿನ ನೀನೇ ಕರೆದು ಡಬ್ಬಿಯಲ್ಲಿ ಅರ್ಧ ಕೊಟ್ಟೆಯಂತೆ. ಆಮೇಲೆ ಪ್ರತಿ ಸಲವೂ ಅರ್ಧ. ಲಿಫ್ಟಿನ ಯಂತ್ರದ ಕೋಣೆಯ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದಿರಂತೆ. ಕಳೆದ ಸಲ ಅದೇ ಮೆಟ್ಟಿಲ ಮೇಲೆ ಅವನು ಮದುವೆಯ ಮಾತೆತ್ತಿದ, ನೀನು ಡಬ್ಬಿಯನ್ನೂ ಬಿಟ್ಟು ಎದ್ದು ಹೋದೆ.

"ಇಷ್ಟ ಇಲ್ಲ ಅಂದಳಾ?"

"ಹಾಗಂದಿದ್ರೆ ನಾನು ಸುಮ್ಮನಿರ್ತಿದ್ದೆ ಅಮ್ಮ. ‘ಅತ್ತೆ ಒಬ್ಬರೇ ಆಗ್ತಾರೆ. ಮಗನ್ನ ಕಳ್ಕೊಂಡವರ ಮುಂದೆ ಹೋಗಿ ಇದನ್ನ ಯಾವ ಬಾಯಲ್ಲಿ ಕೇಳಲಿ’ ಅಂದ್ರು. ಈಗ ನನ್ನ ಮುಖ ನೋಡಬಾರದು ಅಂತ ಮೇಜಿನ ಕೆಲಸಕ್ಕೆ ಹೋಗ್ತಿದ್ದಾರೆ. ಅದು ಬೇಡ. ಲಿಫ್ಟಿನ ಹಗ್ಗ ಓಡೋ ಸದ್ದು ಕೇಳಿ, ಎಲ್ಲಿ ಸವೆದಿದೆ ಅಂತ ಹೇಳೋರು ಅವರು. ಅವರು ಕಾಗದ ತಿರುವೋದು ಯಾಕೆ? ನಾನೇ ಬೇರೆ ಊರಿಗೆ ವರ್ಗ ಕೇಳ್ತೀನಿ. ಮುಂದಿನ ವಾರ ಇಬ್ಬರಿಗೂ ಹೊರಗಿನ ಕೆಲಸ ಇದೆ, ಅದೊಂದು ಮುಗೀಲಿ. ಇಷ್ಟನ್ನ ನೀವು ಅವರಿಗೆ ಹೇಳಿದ್ರೆ ಸಾಕು."

ಚಹಾ ಕುಡಿಸಿ ಕಳಿಸಿದೆ. ಲೋಟ ತೊಳೆಯಲು ಎದ್ದ. ಕೂತ್ಕೋ ಅಂದೆ.

ಅವನು ಹೋದ ಮೇಲೆ ನನಗೆ ನಿನ್ನ ಮೇಲೆ ಬಂದ ಸಿಟ್ಟು ಇಷ್ಟೇ ಎಂದು ಹೇಳಲಾಗದು. ಯಾಕೆ ಎಂದು ನೀನು ತಪ್ಪು ತಿಳಿಯಬಾರದು, ಅದಕ್ಕೆ ಬಿಡಿಸಿ ಬರೆಯುತ್ತೇನೆ.

ಮೊದಲನೆಯದಾಗಿ, ನೀನು ಈ ಬೇಸಿಗೆಯಿಂದ ಅರ್ಧ ಹೊಟ್ಟೆಯಲ್ಲಿ ಲಿಫ್ಟಿನ ಮೇಲೆ ಹತ್ತುತ್ತಿದ್ದೀಯ. ನನ್ನ ಅಡುಗೆಮನೆ ಇದ್ದೂ! ಕಾರ್ಖಾನೆಯ ಒಂದು ಪಾಳಿಯ ಜನಕ್ಕೆ ಬಡಿಸಿದ ಕೈ ಇದು. ಇನ್ನೊಬ್ಬರಿಗೆ ತಿಂಡಿ ಬೇಕು ಅತ್ತೆ ಎಂದು ಒಂದು ಮಾತು ಅಂದಿದ್ದರೆ ಯಾರಿಗೆ, ಏಕೆ ಎಂದು ಕೇಳುತ್ತಿದ್ದೆನೇ? ಕೇಳುತ್ತಿದ್ದೆ. ಆದರೂ ಕಟ್ಟಿಕೊಡುತ್ತಿದ್ದೆ.

ಇನ್ನೊಂದು ಇದಕ್ಕಿಂತ ದೊಡ್ಡದು. ನೀನು ನನ್ನ ಮೇಲೆ ಕನಿಕರ ತೋರಿಸಿದ್ದೀಯ. ಅದೂ ಹೊರಗಿನವರ ಮುಂದೆ, ಮೆಟ್ಟಿಲ ಮೇಲೆ ಕೂತು! ಅತ್ತೆ ಒಬ್ಬರೇ ಆಗುತ್ತಾರಂತೆ. ನನಗೇನಾಗಿದೆ? ಕಣ್ಣು ಸರಿಯಿದೆ, ಮಂಡಿ ಸುಮಾರಾಗಿದೆ, ಪಿಂಚಣಿ ಬರುತ್ತದೆ. ಒಂಟಿತನ ಗಿಂಟಿತನ ನನಗೆ ಗೊತ್ತಿಲ್ಲ. ರೇಡಿಯೋ ಇದೆ. ನೀನು ಕೆಲಸಕ್ಕೆ, ಮಗು ಶಾಲೆಗೆ ಹೋದ ಮೇಲೆ ಅದನ್ನು ಸ್ವಲ್ಪ ಜೋರಾಗಿ ಇಡುತ್ತೇನೆ, ಅಷ್ಟೇ. ನನ್ನ ಸೊಸೆ ನನಗಾಗಿ ತನ್ನ ಬಾಳನ್ನು ಮೇಜಿನ ಖಾನೆಯೊಳಗೆ ಹಾಕಿ ಬೀಗ ಜಡಿದಳು ಎಂದು ನಾಳೆ ಯಾರಾದರೂ ಅಂದರೆ ನಾನು ಎಲ್ಲಿ ತಲೆ ಎತ್ತಲಿ? ನಾನು ಯಾರಿಗೂ ಭಾರವಾಗಿ ಬದುಕಿದವಳಲ್ಲ. ನಿನಗೂ ಆಗುವುದಿಲ್ಲ.

ಮಗ ಹೋದಾಗ ನೀನು ಈ ಮನೆಯಲ್ಲಿ ಉಳಿದೆ. ನಾನು ಉಳಿ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬೆಳಗಾಯಿತು, ತಿಂಡಿ ಮಾಡಿದೆ, ನೀನು ತಿಂದೆ. ಹಾಗೇ ವರ್ಷಗಳು ಕಳೆದವು. ನಿನ್ನನ್ನು ನಾನು ಹೊಗಳಿದ್ದು ಕಡಿಮೆ. ಹೊಗಳಿದರೆ ಉಪ್ಪು ಹಾಕುವುದು ಮರೆಯುತ್ತೀಯ. ಆದರೆ ಆ ದಿನಗಳಲ್ಲಿ ಈ ಮನೆಯಲ್ಲಿ ಎರಡನೆಯ ತಟ್ಟೆ ಇಲ್ಲದೆ ಹೋಗಿದ್ದರೆ ನಾನು ಒಲೆ ಹಚ್ಚುತ್ತಿದ್ದೆನೋ ಇಲ್ಲವೋ. ಇದನ್ನು ಒಂದು ಸಲ ಬರೆದಿದ್ದೇನೆ, ಮತ್ತೆ ಕೇಳಬೇಡ.

ಮಗು ನಿನ್ನದು. ನೀನಿರುವ ಕಡೆ ಅವಳಿರಬೇಕು. ಅವಳ ಹಾಸಿಗೆ ನನ್ನ ಮಂಚದ ಪಕ್ಕದಲ್ಲೇ ಇರಲಿ ಎಂದು ನಾನು ಹೇಳುವುದಿಲ್ಲ. ನಿದ್ದೆಯಲ್ಲಿ ಒದೆಯುತ್ತಾಳೆ, ಅದಕ್ಕೂ ನಾನು ಒಗ್ಗಿದ್ದೇನೆ ಎನ್ನುವುದು ಬೇರೆ ಮಾತು. ಎಲ್ಲಿ ಮನೆ ಮಾಡುತ್ತೀರಿ ಎನ್ನುವುದು ನಿಮಗೆ ಬಿಟ್ಟದ್ದು. ನಮ್ಮ ಮಹಡಿಯ ಕೋಣೆ ಖಾಲಿ ಇದೆ ಎಂದು ನೆನಪಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಖಾಲಿ ಇರುವುದಂತೂ ನಿಜ. ಬಾಗಿಲು ತಗ್ಗು, ಕೆಲವರು ಬಗ್ಗಿ ಬರಬೇಕಾಗುತ್ತದೆ.

ಈಗ ಚೀಲದ ತಳಕ್ಕೆ ಕೈ ಹಾಕು. ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಡಬ್ಬಿ ಇದೆ.

ಅದು ಯಾವುದೆಂದು ಬಿಚ್ಚುವ ಮುಂಚೆಯೇ ಗೊತ್ತಾಗುತ್ತದೆ. ಒಂದು ಮಗ್ಗುಲು ತಗ್ಗಿದೆ, ಗ್ಯಾರೇಜಿನಲ್ಲಿ ಲಾರಿಯ ಜಾಕ್ ಬಿದ್ದು ಆದದ್ದು. ಅವತ್ತು ನನ್ನ ಮಗ ಮನೆಗೆ ಬಂದು, ಡಬ್ಬಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, "ಅಮ್ಮ, ಬೈಯಲ್ಲ ಅಂದ್ರೆ ತೋರಿಸ್ತೀನಿ" ಅಂದಿದ್ದ. ಗ್ಯಾರೇಜಿನ ಯಜಮಾನನಾದರೂ ಅಮ್ಮನಿಗೆ ಹೆದರುತ್ತಿದ್ದ. ಅವನು ಹೋದ ಮೇಲೆ ಅದನ್ನು ಮೇಲಿನ ಕಪಾಟಿನಲ್ಲಿ ಇಟ್ಟೆ. ಮಗುವಿನ ಶಾಲೆಯ ಪ್ರವಾಸಕ್ಕೆ ನೀನು ಒಮ್ಮೆ ಅದಕ್ಕೆ ಕೈ ಚಾಚಿದಾಗ "ಅದನ್ನ ಮುಟ್ಟಬೇಡ" ಅಂದಿದ್ದೆ. ನೀನು ಮತ್ತೆ ಮುಟ್ಟಲಿಲ್ಲ, ಅದರ ಕಡೆ ನೋಡಲೂ ಇಲ್ಲ.

ಇವತ್ತು ಮಧ್ಯಾಹ್ನ ನೀವು ಮಲಗಿದ್ದಾಗ ಸ್ಟೂಲು ಹಾಕಿಕೊಂಡು ಅದನ್ನು ಇಳಿಸಿದೆ. ಧೂಳು ಒರೆಸಿ, ಬಿಸಿನೀರಿನಲ್ಲಿ ತೊಳೆದು, ಒಣಗಿಸಿದೆ. ತುಂಬಾ ದಿನ ಖಾಲಿ ಇದ್ದ ಡಬ್ಬಿಗೆ ಒಂದು ವಾಸನೆ ಇರುತ್ತದೆ. ಎರಡು ಸಲ ತೊಳೆದ ಮೇಲೆ ಹೋಯಿತು. ಅಂಚು ಕತ್ತರಿಸದ ಬ್ರೆಡ್ಡು ಹಾಕಿದೆ, ಮೊಟ್ಟೆ ಹಾಕಿದೆ. ನಿಮ್ಮ ಲೈಟುಕಂಬದವನ ಓಟ್ಸಿನ ಪೊಟ್ಟಣಗಳಿಗೆ ಕೆಂಪು ದಾರ ಕಟ್ಟಿದ್ದೇನೆ, ಒಣದ್ರಾಕ್ಷಿ ಅದರಲ್ಲಿದೆ, ನಿನ್ನದರಲ್ಲಿ ಇಲ್ಲ. ಎತ್ತರದ ಆಳು, ಅದಕ್ಕೆ ತಕ್ಕ ಹಾಗೆ ಅಳತೆ ಹೆಚ್ಚಿಸಿದ್ದೇನೆ. ನಾಳೆ ಬೆಳಿಗ್ಗೆ ಮೆಟ್ಟಿಲ ಮೇಲೆ ಅವನಿಗೆ ಇದನ್ನು ಕೊಡು. ನಿನ್ನ ಡಬ್ಬಿ ನೀನೇ ಪೂರ್ತಿ ತಿನ್ನು.

ಬೇರೆ ಯಾವ ಮಾತನ್ನೂ ನೀನು ಹುಡುಕಬೇಕಾಗಿಲ್ಲ. ನಾನು ಹೇಳಬೇಕಾದ್ದನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿ ಆಗಿದೆ.

ಗೇಟಿನ ಸದ್ದು ಕೇಳಿಸಿತು. ನೀವು ಬಂದಿರಿ.

ನಿನ್ನ ಅತ್ತೆ

ಮರೆತೆ: ಆ ಡಬ್ಬಿ ತೊಳೆಯಬಾರದು ಎಂದು ಅವನಿಗೆ ಕಟ್ಟುನಿಟ್ಟಾಗಿ ಹೇಳು. ಈ ಮನೆಯ ಪದ್ಧತಿಯನ್ನು ಈಗಲೇ ಕಲಿಯಲಿ. ಅವನು ಎಲ್ಲವನ್ನೂ ತಿನ್ನುತ್ತಾನೆ ಎಂದು ನೀನು ನಂಬಿರಬಹುದು. ಏನನ್ನೂ ಬಿಡದ ಮನುಷ್ಯನನ್ನು ನಾನು ಇನ್ನೂ ನೋಡಿಲ್ಲ. ಅವನು ಏನು ಬಿಡುತ್ತಾನೆ ಎಂದು ನಾನು ನೋಡಬೇಕು, ಮುಂದೆ ಅಳತೆ ಹಾಕಲು ಬೇಕಾಗುತ್ತದೆ. ಡಬ್ಬಿಯನ್ನು ನಿನ್ನ ಕೈಯಲ್ಲಿ ಕಳಿಸುವುದು ಬೇಡ. ಅವನೇ ತಂದುಕೊಡಲಿ. ಅಡುಗೆಮನೆಯ ದೀಪವನ್ನು ಮೇಲಕ್ಕೆ ಎತ್ತಿ ಕಟ್ಟಿಸಿದ್ದೇನೆ.